ಬೀದರಿನ ಕಿರ್ಮಾನಿ ಮಠ

ಬೀದರಿನ ಸೀಮೆಯನ್ನು ಮತಧರ್ಮಗಳ ಸಂಗಮಸ್ಥಾನವೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಕಮಠಾಣದಲ್ಲಿ ಪಾರ್ಶ್ವನಾಥನ ಬಸದಿಯುಂಟು. ಹುಮನಾಬಾದಿನ ಕಡೆಗೆ ನಡೆದರೆ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವುಂಟು. ಅದನ್ನು ದಾಟಿದರೆ ಶರಣರ ಕಲ್ಯಾಣವುಂಟು. ನಗರದ ಅಂಚಿನಲ್ಲಿಯೇ ಝರಣಿ ನರಸಿಂಹನ ಗುಹೆಯೂ ಗುರು ನಾನಕರ ಹೆಸರಿನ ಝರಿಯೂ ಉಂಟು. ಇವೆಲ್ಲವನ್ನೂ ಬಲ್ಲ ನಮ್ಮ ಜನರು ಅಷ್ಟೂರಿನ ಹಾದಿಯಲ್ಲಿ ದಿಣ್ಣೆಯ ಮೇಲೆ ನಿಂತಿರುವ ಎಂಟು ಮೂಲೆಯ ಒಂದು ಕಟ್ಟಡವನ್ನು ಮಾತ್ರ 'ಚೌಖಂಡಿ' ಎಂದು ಹೆಸರು ಹೇಳಿ ಬಿಟ್ಟು, ಬಹಮನಿ ಸುಲ್ತಾನರ ಗುಮ್ಮಟಗಳ ಕಡೆಗೆ ಮುಂದೆ ಸಾಗುವರು. ಆ ಕಟ್ಟಡವು ಯಾವ ಸುಲ್ತಾನನ ಸಮಾಧಿಯೂ ಅಲ್ಲ. ಅದು ಪರ್ಷಿಯಾ ದೇಶದ ಕಿರ್ಮಾನ ಪ್ರಾಂತದಿಂದ ಬಂದು ಬೀದರಿನಲ್ಲಿ ನೆಲಸಿದ ಒಬ್ಬ ಗುರುವಿನ ಸಮಾಧಿ. ಆ ಗುರುವಿನ ಮನೆತನವು ಇಲ್ಲಿ ಒಂದು ದೊಡ್ಡ ಮಠವಾಗಿ ಬೆಳೆದು, ಸುಲ್ತಾನರ ಕೈಹಿಡಿದು ಸಿಂಹಾಸನವನ್ನೇರಿಸುವಷ್ಟು ಪ್ರಬಲವಾಗಿ, ಕಡೆಗೆ ಈ ನಗರದಿಂದ ಅಳಿದುಹೋಯಿತು. ಆ ಮಠದ ಚರಿತ್ರೆಯೇ ಈ ಹೊತ್ತು ನಮ್ಮ ಭಾಷಣದ ವಿಷಯ.

ಶ್ರೋತೃಗಳೇ, 'ಮಠ'ವೆಂಬ ಶಬ್ದವನ್ನು ನಾವು ಬೇಕೆಂದೇ ಬಳಸಿರುವೆವು. ಸೂಫಿ ಸಂತರ ನೆಲೆಗೆ ಪಾರ್ಸಿ ಭಾಷೆಯಲ್ಲಿ 'ಖಾನಖಾಹ' ಎಂದು ಹೆಸರು. ಅಲ್ಲಿ ಗುರುವಿದ್ದಾನೆ, ಅವನ ಸುತ್ತಲೂ ಶಿಷ್ಯರಿದ್ದಾರೆ, ನಿಯಮಿತವಾದ ಜಪವಿದೆ, ಪಾಠವಿದೆ, ಬಂದವರಿಗೆ ಅನ್ನವಿಕ್ಕುವ ಲಂಗರವಿದೆ. ಗುರುವು ಕುಳಿತುಕೊಳ್ಳುವ ಪ್ರಾರ್ಥನೆಯ ಚಾಪೆಗೆ 'ಸಜ್ಜಾದ'ವೆಂದೂ, ಅದರ ಮೇಲೆ ಕೂರುವ ಉತ್ತರಾಧಿಕಾರಿಗೆ 'ಸಜ್ಜಾದ ನಶೀನ'ನೆಂದೂ ಹೆಸರು. ನಮ್ಮ ಪೀಠ, ಪೀಠಾಧಿಪತಿ, ದಾಸೋಹ ಎಂಬ ಶಬ್ದಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಯು ತಾನಾಗಿಯೇ ಕಾಣುವುದು. ಆದರೆ ಒಂದು ಮುಖ್ಯವಾದ ವ್ಯತ್ಯಾಸವುಂಟು. ಸಂನ್ಯಾಸಿಗಳ ಮಠದಲ್ಲಿ ಪೀಠವು ಶಿಷ್ಯನಿಗೆ ಸಲ್ಲುವುದು. ಸೂಫಿಗಳು ಗೃಹಸ್ಥರಾದುದರಿಂದ ಪೀಠವು ಅನೇಕ ವೇಳೆ ಮಗನಿಗೆ ಸಲ್ಲುವುದು. ಮಗನಿಗೆ ಮದುವೆಯಾಗುವುದು, ನೆಂಟಸ್ತನ ಬೆಳೆಯುವುದು. ಈ ಒಂದು ಸಂಗತಿಯು ಬೀದರಿನ ಮಠದ ಏಳಿಗೆಗೂ ಬೀಳಿಗೂ ಎಷ್ಟು ಕಾರಣವಾಯಿತೆಂಬುದನ್ನು ಮುಂದೆ ನೋಡುವೆವು.

ಕಥೆಯು ಬೀದರಿನಲ್ಲಿ ಪ್ರಾರಂಭವಾಗುವುದಿಲ್ಲ, ಕಲಬುರಗಿಯಲ್ಲಿ ಪ್ರಾರಂಭವಾಗುತ್ತದೆ. ಬಹಮನಿ ರಾಜ್ಯವು ೧೩೪೭ರಲ್ಲಿ ಸ್ಥಾಪಿತವಾದ ಸ್ವಲ್ಪ ಕಾಲದಲ್ಲಿಯೇ ಕಲಬುರಗಿಯು ಅದರ ರಾಜಧಾನಿಯಾಯಿತು. ೧೪೦೦ರ ಸುಮಾರಿಗೆ ಫಿರೋಜ ಶಹನು ಆಳುತ್ತಿದ್ದಾಗ ದೆಹಲಿಯ ಚಿಸ್ತಿ ಸಂಪ್ರದಾಯದ ವೃದ್ಧ ಗುರುಗಳಾದ ಗೇಸುದರಾಜರು, ಎಂದರೆ ನಮ್ಮ ಜನರು ಬಂದೇನವಾಜರೆಂದು ಪೂಜಿಸುವ ಮಹಾಪುರುಷರು, ಅಲ್ಲಿಗೆ ಬಂದರು. ಮೊದಮೊದಲು ಅರಸನಿಗೂ ಗುರುವಿಗೂ ಸೌಹಾರ್ದವಿದ್ದಿತು. ಬರಬರುತ್ತ ಅದು ಕೆಟ್ಟಿತು. ಫಿರೋಜನು ತನ್ನ ಮಗನಿಗೆ ಪಟ್ಟವಾಗಬೇಕೆಂದು ಗುರುವಿನ ಆಶೀರ್ವಾದವನ್ನು ಕೇಳಿದನೆಂದೂ, ಗುರುಗಳು ಅವನ ತಮ್ಮನಾದ ಅಹಮದನೇ ಅರಸನಾಗುವನೆಂದು ನುಡಿದರೆಂದೂ ಫರಿಸ್ತನು ಬರೆದಿರುವನು. ಕೋಟೆಯ ಬಳಿಯಲ್ಲಿ ಶಿಷ್ಯರ ಗದ್ದಲ ಹೆಚ್ಚಾಯಿತೆಂಬ ನೆವದಿಂದ ಅರಸನು ಗುರುಗಳನ್ನು ದೂರಕ್ಕೆ ಹೋಗುವಂತೆ ಹೇಳಿಕಳುಹಿಸಿದನು. ಅವರು ಮಾತನಾಡದೆ ಎದ್ದು ನಡೆದರು. ಇಂದು ಅವರ ದರ್ಗಾ ಇರುವ ಸ್ಥಳವೇ ಅವರು ಆಗ ಹೋಗಿ ನೆಲಸಿದ ಸ್ಥಳ.

೧೪೨೨ರಲ್ಲಿ ಗುರುಗಳ ಮಾತು ನಿಜವಾಯಿತು. ಅಹಮದ ಶಹನು ಅಣ್ಣನನ್ನು ತಳ್ಳಿ ಸಿಂಹಾಸನವನ್ನೇರಿದನು. ಕೆಲವೇ ವಾರಗಳಲ್ಲಿ ಗೇಸುದರಾಜರು ದೇಹವನ್ನು ಬಿಟ್ಟರು. ಅಣ್ಣನ ನಗರದಲ್ಲಿ, ಅಣ್ಣನ ಮಂತ್ರಿವರ್ಗದ ನಡುವೆ, ತನ್ನನ್ನು ಹರಸಿದ ಗುರುವೂ ಇಲ್ಲದೆ ಉಳಿದ ಹೊಸ ಅರಸನ ಮನಃಸ್ಥಿತಿಯನ್ನು ನಾವು ಊಹಿಸಬಹುದು. ಅವನು ರಾಜಧಾನಿಯನ್ನೇ ಬದಲಿಸಿದನು. ಬೀದರಿನ ಪ್ರಸ್ಥಭೂಮಿಯು ಎತ್ತರವಾದುದು. ಗಾಳಿಯೂ ನೀರೂ ಚೆನ್ನಾಗಿದ್ದವು. ತೆಲಂಗಾಣ, ಮಹಾರಾಷ್ಟ್ರ, ಕರ್ನಾಟಕಗಳು ಕೂಡುವ ಎಡೆ. ೧೪೨೯ರಿಂದ ೧೪೩೨ರ ವರೆಗೆ ಕೋಟೆಯನ್ನು ಹೊಸದಾಗಿ ಕಟ್ಟಿಸಿದನು. ಹೊಸ ಕೋಟೆಯಾಯಿತು, ಹೊಸ ಅರಮನೆಯಾಯಿತು. ಇನ್ನು ಬೇಕಾಗಿದ್ದುದು ಹೊಸ ಗುರು.

ಆ ಕಾಲದಲ್ಲಿ ಪರ್ಷಿಯಾದ ಕಿರ್ಮಾನಿಗೆ ಸಮೀಪದ ಮಾಹಾನವೆಂಬ ಸಣ್ಣ ಊರಿನಲ್ಲಿ ಶಹ ನಿಮತುಲ್ಲಾ ವಲಿ ಎಂಬ ಗುರುಗಳಿದ್ದರು. ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ಜನಿಸಿ, ಮೆಕ್ಕೆಯಲ್ಲಿ ಯಾಫಿಈ ಎಂಬ ಗುರುಗಳಲ್ಲಿ ದೀಕ್ಷೆಯನ್ನು ಪಡೆದು, ಮಧ್ಯ ಏಷ್ಯಾದಲ್ಲಿ ಸಂಚರಿಸಿ, ಕಡೆಗೆ ಮಾಹಾನದಲ್ಲಿ ತೋಟ ಮಾಡಿಕೊಂಡು ನಿಂತವರು. ಸೂಫಿಯಾದವನು ಲೋಕವನ್ನು ಬಿಟ್ಟು ಓಡಬಾರದು, ಕೃಷಿಯನ್ನೋ ಕಸುಬನ್ನೋ ಮಾಡಿ ಉಣ್ಣಬೇಕೆಂಬುದು ಅವರ ಬೋಧೆ. ಕಾಯಕದ ತತ್ತ್ವವನ್ನು ಬಲ್ಲ ನಮ್ಮ ನಾಡಿಗೆ ಈ ಮಾತು ಹೊಸದಲ್ಲ. ಇವರು ಮಧ್ಯ ಏಷ್ಯಾದಲ್ಲಿದ್ದಾಗ ಅಲ್ಲಿನ ಅಲೆಮಾರಿ ಜನರು ಗುಂಪುಗುಂಪಾಗಿ ಶಿಷ್ಯರಾದುದನ್ನು ಕಂಡು ತೈಮೂರನು ಸಂಶಯಗೊಂಡನು. ಗುರುಗಳು ಅವನ ಸೀಮೆಯನ್ನು ಬಿಡಬೇಕಾಯಿತು. ಅರಸರ ಸಾಮೀಪ್ಯವೆಂದರೇನೆಂಬುದು ಅವರಿಗೆ ಅನುಭವದಿಂದಲೇ ತಿಳಿದಿದ್ದಿತು.

ಅಹಮದ ಶಹನು ಇವರ ಬಳಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿ, ತನ್ನನ್ನು ಶಿಷ್ಯನನ್ನಾಗಿ ಸ್ವೀಕರಿಸಬೇಕೆಂದು ಬೇಡಿಕೊಂಡನು. ಗುರುಗಳು ಮುಲ್ಲಾ ಕುತುಬುದ್ದೀನನೆಂಬ ಶಿಷ್ಯನ ಕೈಯಲ್ಲಿ ಹನ್ನೆರಡು ಮಡಿಕೆಗಳುಳ್ಳ ಹಸುರು ಕುಲಾವಿಯೊಂದನ್ನು ಕಳುಹಿಸಿಕೊಟ್ಟರು. ಆ ಶಿಷ್ಯನನ್ನು ನೋಡುತ್ತಲೇ ಅರಸನು, ಸಿಂಹಾಸನಕ್ಕಾಗಿ ಅಣ್ಣನೊಡನೆ ಹೋರಾಡುತ್ತಿದ್ದಾಗ ತನ್ನ ಕನಸಿನಲ್ಲಿ ಬಂದು ಇಂಥದೇ ಹಸುರು ಕುಲಾವಿಯನ್ನು ಕೊಟ್ಟವನು ಇವನೇ ಎಂದು ಕೂಗಿದನೆಂದು ಕಥೆ. ಗುರುಗಳ ಪತ್ರದಲ್ಲಿ ಅರಸನನ್ನು 'ವಲಿ', ಎಂದರೆ ಸಂತನೆಂದು ಸಂಬೋಧಿಸಿದ್ದರೆಂದೂ, ಅಂದಿನಿಂದ ಅವನು ಆ ಬಿರುದನ್ನು ಧರಿಸಿದನೆಂದೂ ಹೇಳುವರು. ಬರಗಾಲದಲ್ಲಿ ಅರಸನು ದಿಣ್ಣೆಯೊಂದನ್ನೇರಿ ಪ್ರಾರ್ಥಿಸಿದಾಗ ಮಳೆ ಸುರಿದುದರಿಂದ ಜನರೇ ಆ ಬಿರುದನ್ನಿತ್ತರೆಂದು ಇನ್ನೊಂದು ಕಥೆಯುಂಟು. ಈ ಎರಡು ಕಥೆಗಳಲ್ಲಿ ಒಂದು ಬಿರುದನ್ನು ಗುರುವಿನಿಂದ ಬಂದುದೆನ್ನುವುದು, ಇನ್ನೊಂದು ಜನರಿಂದ ಬಂದುದೆನ್ನುವುದು. ಅರಸನಿಗೆ ಎರಡೂ ಬೇಕಾಗಿದ್ದವು.

ಶಿಷ್ಯನು ಬಂದರೆ ಸಾಲದು, ಗುರುವಿನ ರಕ್ತವೇ ಬರಬೇಕೆಂದು ಅರಸನ ಹಂಬಲ. ಎರಡನೆಯ ನಿಯೋಗವು ಹೋಗಿ, ಗುರುಪುತ್ರರಾದ ಖಲೀಲುಲ್ಲಾ ಅವರನ್ನು ಕಳುಹಿಸಿಕೊಡಬೇಕೆಂದು ಕೇಳಿತು. ಇದ್ದ ಒಬ್ಬನೇ ಮಗನನ್ನು ಅಗಲಲಾರದೆ ವೃದ್ಧ ಗುರುಗಳು ಮೊಮ್ಮಗನಾದ ನೂರುಲ್ಲಾ ಅವರನ್ನು ಕಳುಹಿಸಿದರು. ಕೊಂಕಣದ ಚೌಲ ಬಂದರಿನಲ್ಲಿ ಅವರು ಇಳಿದಾಗ ಅರಮನೆಯ ಪಲ್ಲಕ್ಕಿಯು ಅವರಿಗಾಗಿ ಕಾದಿದ್ದಿತು. ಬೀದರಿನ ಹೊರವಲಯದಲ್ಲಿ ಅರಸನು ರಾಜಕುಮಾರರೊಡನೆ ಎದುರುಗೊಂಡನು. ಆ ಭೇಟಿಯಾದ ಸ್ಥಳದಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಒಂದು ಊರನ್ನೂ ನಿರ್ಮಿಸಿ, ಅದಕ್ಕೆ ಗುರುವಿನ ಹೆಸರಿನಿಂದ ನಿಮತಾಬಾದವೆಂದು ಹೆಸರಿಟ್ಟನು. ನೂರುಲ್ಲಾ ಅವರಿಗೆ 'ಮಲಿಕುಲ್ ಮಶಾಯಿಖ', ಎಂದರೆ ಗುರುಗಳ ದೊರೆ ಎಂಬ ಬಿರುದು ಸಂದಿತು. ಆಸ್ಥಾನದಲ್ಲಿ ಅವರ ಆಸನವು ರಾಜ್ಯದ ಹಳೆಯ ಗುರುಮನೆತನಗಳ ಆಸನಗಳಿಗಿಂತ, ಗೇಸುದರಾಜರ ಸಂತತಿಯವರ ಆಸನಕ್ಕಿಂತಲೂ, ಮೇಲಾಯಿತು. ಅರಸನು ತನ್ನ ಮಗಳನ್ನೇ ಅವರಿಗೆ ಧಾರೆಯೆರೆದನು.

೧೪೩೧ರಲ್ಲಿ ನಿಮತುಲ್ಲಾ ಅವರು ನೂರು ವರ್ಷಗಳ ತುಂಬುಜೀವನವನ್ನು ಕಳೆದು ಮಾಹಾನದಲ್ಲಿ ಕಾಲವಾದರು. ಆ ಬಳಿಕ ಖಲೀಲುಲ್ಲಾ ಅವರು ತಾವೇ ಹಬೀಬುಲ್ಲಾ, ಮುಹಿಬ್ಬುಲ್ಲಾ ಎಂಬ ಇಬ್ಬರು ಮಕ್ಕಳೊಡನೆ ಬೀದರಿಗೆ ಬಂದು ನೆಲಸಿದರು. ಒಬ್ಬ ಮಗನು ಮಾತ್ರ ಮಾಹಾನದ ಸಮಾಧಿಯನ್ನು ನೋಡಿಕೊಂಡು ಅಲ್ಲಿಯೇ ಉಳಿದನು. ಹೀಗೆ ಸಂಪ್ರದಾಯದ ಮುಖ್ಯಪೀಠವು ಕಿರ್ಮಾನಿನಿಂದ ಬೀದರಿಗೆ ಸ್ಥಳಾಂತರವಾಯಿತು. ಗುರುವಿನ ಸಮಾಧಿಯ ಮೇಲೆ ಗುಮ್ಮಟವನ್ನು ಕಟ್ಟಿಸಿದವನೂ ನಮ್ಮ ಬೀದರಿನ ಅರಸನೇ. ೧೪೩೬ರ ಆ ಕಟ್ಟಡವು ಇಂದಿಗೂ ಮಾಹಾನದಲ್ಲಿದ್ದು, ಅದರ ಶಾಸನದಲ್ಲಿ ಬಹಮನಿ ಅರಸನ ಹೆಸರು ಕಾಣುವುದು. ದಖನಿನ ಭಂಡಾರದಿಂದ ಹೊರಟ ಹಣವು ಸಮುದ್ರವನ್ನು ದಾಟಿ ಪರ್ಷಿಯಾದ ಮರುಭೂಮಿಯ ಅಂಚಿನಲ್ಲಿ ಗುಮ್ಮಟವಾಗಿ ನಿಂತಿತು.

ಬೀದರಿನಲ್ಲಿ ಈ ಮನೆತನದ ನೆನಪನ್ನು ಹೊತ್ತಿರುವ ಕಟ್ಟಡವೊಂದು ನಗರದೊಳಗೇ ಇದೆ. ಮಹಮೂದ ಗವಾನನ ಮದರಸೆಯಿಂದ ಕೋಟೆಗೆ ಹೋಗುವ ಬೀದಿಯಲ್ಲಿ ಗಾರೆಯ ಕುಸುರಿಕೆಲಸದಿಂದ ಅಲಂಕೃತವಾದ ಎತ್ತರವಾದ ಕಮಾನೊಂದು ಕಾಣುವುದು. ಅದರ ಹೆಸರು ತಖ್ತೆ ಕಿರ್ಮಾನಿ. ಒಳಗಿರುವ ಮಂಚವೊಂದು ಖಲೀಲುಲ್ಲಾ ಅವರದೆಂದು ಸಂಪ್ರದಾಯ. ಈ ಕಟ್ಟಡದ ಎಡೆಯನ್ನು ಗಮನಿಸಬೇಕು. ಕಲಬುರಗಿಯಲ್ಲಿ ಗುರುವು ಕೋಟೆಯಿಂದ ದೂರಕ್ಕೆ ಹೋದರು. ಬೀದರಿನಲ್ಲಿ ಗುರುವಿನ ಮಂಚವು ಕೋಟೆಯ ಹಾದಿಯಲ್ಲಿಯೇ ಬಿದ್ದಿತು.

ನೆಂಟಸ್ತನವು ಮುಂದೆಯೂ ಬೆಳೆಯಿತು. ಹಬೀಬುಲ್ಲಾ ಮುಹಿಬ್ಬುಲ್ಲಾ ಇಬ್ಬರೂ ರಾಜಪುತ್ರಿಯರನ್ನು ವಿವಾಹವಾದರು. ಈ ಮನೆತನಕ್ಕೆ ಜಹಗೀರುಗಳು ಸಂದವು. ಮುಹಿಬ್ಬುಲ್ಲಾ ಅವರು ದಂಡಯಾತ್ರೆಗಳಲ್ಲಿ ಭಾಗವಹಿಸಿ 'ಗಾಜಿ' ಎಂಬ ಬಿರುದನ್ನು ಪಡೆದರು. ಪಟ್ಟಾಭಿಷೇಕದ ದಿನ ಹೊಸ ಅರಸನ ಬಲಗೈಯನ್ನು ಈ ಮನೆತನದ ಗುರುವೂ ಎಡಗೈಯನ್ನು ಒಬ್ಬ ಸಯ್ಯದನೂ ಹಿಡಿದು ಫಿರೋಜಾ ಸಿಂಹಾಸನದ ಮೇಲೆ ಕುಳ್ಳಿರಿಸುವುದು ಪದ್ಧತಿಯಾಯಿತು. ಪರ್ಷಿಯಾದ ಗೀಲಾನ ಪ್ರಾಂತದ ವರ್ತಕನೊಬ್ಬನು ೧೪೫೩ರಲ್ಲಿ ದಾಭೋಳ ಬಂದರಿನಲ್ಲಿಳಿದು ಬೀದರಿಗೆ ಬಂದುದೂ ಮುಹಿಬ್ಬುಲ್ಲಾ ಅವರ ದರ್ಶನಕ್ಕೆಂದೇ. ಆ ವರ್ತಕನೇ ಮುಂದೆ ಪ್ರಧಾನಿಯಾಗಿ ಪ್ರಸಿದ್ಧನಾದ ಮಹಮೂದ ಗವಾನ. ಬೀದರಿನ ಮಠದ ಕೀರ್ತಿಯು ಸಮುದ್ರದಾಚೆಯಿಂದ ಎಂಥವರನ್ನು ಎಳೆತರುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆದರೆ ಈ ಕೀರ್ತಿಯೊಳಗೇ ಒಂದು ವಿಷಬೀಜವಿದ್ದಿತು. ಬಹಮನಿ ಆಸ್ಥಾನದಲ್ಲಿ ಎರಡು ಪಕ್ಷಗಳಿದ್ದವು. ಹಲವು ತಲೆಮಾರುಗಳಿಂದ ಈ ನಾಡಿನಲ್ಲಿಯೇ ಇದ್ದವರು 'ದಖನಿ'ಗಳು. ಪರ್ಷಿಯಾ, ಅರಬಸ್ಥಾನ, ತುರ್ಕರ ದೇಶಗಳಿಂದ ಹೊಸದಾಗಿ ಬಂದವರು 'ಆಫಾಕಿ'ಗಳು, ಎಂದರೆ ಪರದೇಶದವರು. ಕಿರ್ಮಾನಿ ಗುರುಗಳ ಬರವು ಪರದೇಶದವರ ಪ್ರಾಬಲ್ಯಕ್ಕೆ ಬಲವಾದ ಬೆಂಬಲವಾಯಿತು. ಹಳೆಯ ಗುರುಮನೆತನಗಳ ಮೇಲೆ ಹೊಸದನ್ನು ಕುಳ್ಳಿರಿಸಿದ ದಿನವೇ ಅಸೂಯೆಯೂ ಆಸ್ಥಾನವನ್ನು ಪ್ರವೇಶಿಸಿತು. ಈ ಕಲಹವು ಅಹಮದ ಶಹನ ಮಗನ ಕಾಲಕ್ಕೆ ರಕ್ತಪಾತವಾಗಿ ಪರಿಣಮಿಸಿ, ಪುಣೆಯ ಸಮೀಪದ ಚಾಕಣದಲ್ಲಿ ಪರದೇಶದವರ ದೊಡ್ಡ ಹತ್ಯೆಯೇ ನಡೆಯಿತು. ೧೪೭೦ರ ಸುಮಾರಿನಲ್ಲಿ ಬೀದರಿನಲ್ಲಿದ್ದ ರಷ್ಯಾದ ವರ್ತಕ ನಿಕಿತಿನನು, ಈ ದೇಶದ ಸರದಾರರೆಲ್ಲರೂ ಖುರಾಸಾನಿಗಳೆಂದೂ, ಹಳ್ಳಿಯ ಜನರು ಬಡವರಾಗಿರುವಾಗ ಸರದಾರರು ಬೆಳ್ಳಿಯ ಮಂಚಗಳ ಮೇಲೆ ಮೆರೆಯುವರೆಂದೂ ಬರೆದಿಟ್ಟಿರುವನು. ಈ ಮಾತು ಗುರುಮನೆಯನ್ನು ಕುರಿತುದಲ್ಲ. ಆದರೆ ಗುರುಮನೆಯು ಯಾರ ಮಧ್ಯದಲ್ಲಿದ್ದಿತೆಂಬುದು ಇದರಿಂದ ತಿಳಿಯುವುದು.

೧೪೫೮ರಲ್ಲಿ ಎರಡನೆಯ ಅಲಾವುದ್ದೀನ ಅಹಮದನು ತೀರಿಕೊಂಡನು. ಹಿರಿಯ ಮಗನಾದ ಹುಮಾಯೂನನ ಉಗ್ರಸ್ವಭಾವಕ್ಕೆ ಹೆದರಿದ ಕೆಲವು ಸರದಾರರು ಕಿರಿಯವನಾದ ಹಸನಖಾನನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಹಬೀಬುಲ್ಲಾ ಅವರೂ ಆ ಪಕ್ಷವನ್ನು ಸೇರಿದರು. ಹುಮಾಯೂನನು ಅರಮನೆಗೆ ನುಗ್ಗಿ ತಮ್ಮನನ್ನು ಇಳಿಸಿ ಸೆರೆಗೆ ತಳ್ಳಿದನು. ಹಬೀಬುಲ್ಲಾ ಅವರಿಗೂ ಸೆರೆಮನೆಯೇ ಗತಿಯಾಯಿತು. ಮುಂದೆ ಅರಸನು ತೆಲಂಗಾಣದ ದಂಡಯಾತ್ರೆಯಲ್ಲಿದ್ದಾಗ ಯೂಸುಫ ತುರ್ಕನೆಂಬವನ ನಾಯಕತ್ವದಲ್ಲಿ ಕೆಲವರು ಬೀದರಿನ ಸೆರೆಮನೆಯನ್ನು ಒಡೆದು ಸೆರೆಯಾಳುಗಳನ್ನು ಬಿಡಿಸಿದರು. ಹಸನಖಾನನೂ ಹಬೀಬುಲ್ಲಾ ಅವರೂ ಬೀಡ ಪ್ರಾಂತಕ್ಕೆ ಓಡಿ ಸೈನ್ಯವನ್ನು ಕೂಡಿಸಿದರು. ಆದರೆ ಸೋತರು. ಆಶ್ರಯವನ್ನರಸಿ ವಿಜಾಪುರಕ್ಕೆ ಹೋದಾಗ ಅಲ್ಲಿನ ಅಧಿಕಾರಿಯು ಮೊದಲು ಸ್ವಾಗತಿಸಿ ಬಳಿಕ ಮುತ್ತಿಗೆ ಹಾಕಿದನು. ಹಬೀಬುಲ್ಲಾ ಅವರು ಕತ್ತಿ ಹಿಡಿದು ಕಾದಾಡುತ್ತ ಮಡಿದರು. ಹಸನಖಾನನನ್ನು ಬೀದರಿಗೆ ತಂದು, ಜನರ ಕಣ್ಣೆದುರಿಗೆ ಹುಲಿಯ ಬಾಯಿಗೆ ಕೊಡಲಾಯಿತು. ಇದು ೧೪೬೦ರ ಸುಮಾರಿನ ಸಂಗತಿ.

ಈ ವೃತ್ತಾಂತಗಳನ್ನು ನಮಗೆ ತಿಳಿಸುವ ಫರಿಸ್ತನೂ ತಬಾತಬನೂ ವಿಜಾಪುರ ಅಹಮದನಗರಗಳ ಆಸ್ಥಾನಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದವರು. ಹುಮಾಯೂನನ ಕ್ರೌರ್ಯವನ್ನು ವರ್ಣಿಸುವಾಗ ಅವರ ಲೇಖನಿಯು ಸ್ವಲ್ಪ ಹಿಗ್ಗಿರುವುದೆಂದು ಪ್ರೊಫೆಸರ್ ಶೇರವಾನಿಯವರಂಥ ವಿದ್ವಾಂಸರು ಎಚ್ಚರಿಸಿರುವರು. ಆ ಎಚ್ಚರಿಕೆಯನ್ನು ನಾವು ಒಪ್ಪೋಣ. ಆದರೂ ಮೂಲಸಂಗತಿಯು ಅಲುಗುವುದಿಲ್ಲ. ಮಾಹಾನದಲ್ಲಿ ತೋಟವನ್ನು ಮಾಡುತ್ತ, ತೈಮೂರನ ಸಂಶಯಕ್ಕೆ ಎಡೆಗೊಡದೆ ದೂರಕ್ಕೆ ಸರಿದ ಗುರುವಿನ ಮೊಮ್ಮಗನು ಸಿಂಹಾಸನದ ಜಗಳದಲ್ಲಿ ಕತ್ತಿ ಹಿಡಿದು ಸತ್ತನು. ಮೂವತ್ತು ವರ್ಷಗಳಲ್ಲಿ ಇಷ್ಟು ದೂರದ ಪ್ರಯಾಣವಾಯಿತು. ಇಲ್ಲಿ ವ್ಯಕ್ತಿಯ ದೋಷವನ್ನೆಣಿಸುವುದು ಸುಲಭ. ಆದರೆ ಅರಸನ ಅಳಿಯನಾದವನಿಗೆ ಅರಸನ ಮನೆಯ ಕಲಹದಲ್ಲಿ ಯಾವುದಾದರೊಂದು ಪಕ್ಷವು ಬಂದೇ ತೀರುವುದು. ಹಸುರು ಕುಲಾವಿಯನ್ನು ಧರಿಸಿದವನು ಆಶೀರ್ವದಿಸಿ ಸುಮ್ಮನಿರಬಹುದು. ಜಹಗೀರನ್ನು ಧರಿಸಿದವನು ಸುಮ್ಮನಿರಲಾರನು.

ಇನ್ನೊಂದು ಶಾಖೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪರ್ಷಿಯಾದಲ್ಲಿ ಉಳಿದ ನಿಮತುಲ್ಲಾ ಸಂತತಿಯವರು ಯಜ್ದ ನಗರದಲ್ಲಿ ಪ್ರಬಲರಾಗಿ ಸಫವಿ ಅರಸರೊಡನೆ ನೆಂಟಸ್ತನವನ್ನು ಬೆಳೆಸಿದರು. ಅವರಲ್ಲೊಬ್ಬರಾದ ಅಬ್ದುಲ್ ಬಾಕಿ ಎಂಬವರು ಶಹ ಇಸ್ಮಾಯಿಲನ ಆಸ್ಥಾನದಲ್ಲಿ ಉನ್ನತಪದವಿಯನ್ನು ಪಡೆದು, ೧೫೧೪ರಲ್ಲಿ ತುರ್ಕರೊಡನೆ ನಡೆದ ಚಾಲ್ದಿರಾನ ಯುದ್ಧದಲ್ಲಿ ಹತರಾದರು. ದಖನಿನಲ್ಲೊಂದು, ಇರಾನಿನಲ್ಲೊಂದು, ಮನೆತನ ಒಂದೇ, ಹಾದಿ ಒಂದೇ, ಫಲವೂ ಒಂದೇ.

ಇಂಗ್ಲೆಂಡಿನ ಚರಿತ್ರೆಯನ್ನೋದಿದವರಿಗೆ ಎಂಟನೆಯ ಹೆನ್ರಿಯು ೧೫೩೬ರಿಂದ ೧೫೪೦ರ ವರೆಗೆ ಮಠಗಳನ್ನು ಮುಚ್ಚಿಸಿ, ಅವುಗಳ ಆಸ್ತಿಯನ್ನು ಕಸಿದುಕೊಂಡ ಸಂಗತಿಯು ಗೊತ್ತಿದೆ. ಅಲ್ಲಿ ಅರಸನು ಮಠದ ಶತ್ರುವಾಗಿ ಬಂದನು. ಬೀದರಿನಲ್ಲಿ ಹಾಗಾಗಲಿಲ್ಲ. ಇಲ್ಲಿ ಅರಸನು ಶಿಷ್ಯನಾಗಿಯೇ ಬಂದನು. ಹಬೀಬುಲ್ಲಾ ಅವರು ಮಡಿದ ಮೇಲೆಯೂ ಮನೆತನದ ಮರ್ಯಾದೆಗೆ ಕುಂದುಬರಲಿಲ್ಲ. ಹುಮಾಯೂನನ ಮರಣಾನಂತರ ಅವನ ಮಕ್ಕಳು ಬಾಲ್ಯದಲ್ಲಿ ಸಿಂಹಾಸನವನ್ನೇರಿದಾಗ ಅವರ ಕೈಹಿಡಿದವರು ಮುಹಿಬ್ಬುಲ್ಲಾ ಅವರೇ. ಮಠವನ್ನು ಯಾರೂ ಮುಚ್ಚಲಿಲ್ಲ. ಅದು ಅರಮನೆಯ ಒಂದು ಅಂಗವಾಯಿತು, ಅರಮನೆಯೊಡನೆ ಸವೆಯಿತು. ೧೪೮೧ರಲ್ಲಿ ಮಹಮೂದ ಗವಾನನ ಶಿರಚ್ಛೇದವಾಯಿತು. ಆ ಬಳಿಕ ಪ್ರಾಂತಗಳು ಒಂದೊಂದಾಗಿ ಕಳಚಿಕೊಂಡವು. ಬೀದರಿನಲ್ಲಿ ಬರೀದರು ಮೊದಲು ಮಂತ್ರಿಗಳಾಗಿಯೂ ಬಳಿಕ ಅರಸರಾಗಿಯೂ ಆಳಿದರು. ೧೬೧೯ರಲ್ಲಿ ವಿಜಾಪುರದವರೂ, ೧೬೫೭ರಲ್ಲಿ ಔರಂಗಜೇಬನೂ ನಗರವನ್ನು ಹಿಡಿದರು. ರಾಜಧಾನಿಯು ಪ್ರಾಂತದ ಪಟ್ಟಣವಾಯಿತು. ಕೈಹಿಡಿದು ಏರಿಸಬೇಕಾದ ಸಿಂಹಾಸನವೇ ಇಲ್ಲವಾದ ಮೇಲೆ ಏರಿಸುವವರ ಮನೆಗೆ ಕೆಲಸವೇನು ಉಳಿದೀತು?

ಈಗ ಚೌಖಂಡಿಯ ಬಳಿಗೆ ಬರೋಣ. ಕಟ್ಟಡವು ಎತ್ತರವಾದ ಜಗತಿಯ ಮೇಲೆ ಎಂಟು ಮುಖಗಳಿಂದ ಎರಡಂತಸ್ತಾಗಿ ನಿಂತಿದೆ. ಎಂಟು ಮೂಲೆಯ ಹೊರಗೋಡೆಯೊಳಗೆ ಚೌಕವಾದ ಇನ್ನೊಂದು ಸಮಾಧಿಗೃಹವಿದೆ. ಕಮಾನುಗಳ ಅಂಚಿಗೆ ಕರಿಯ ಕಲ್ಲಿನಲ್ಲಿ ಹುರಿಯಂತೆ ಸೂಕ್ಷ್ಮವಾಗಿ ಕೆತ್ತಿದ ಪಟ್ಟಿಗಳಿವೆ. ಗೋಡೆಗಳನ್ನು ಒಂದು ಕಾಲಕ್ಕೆ ಬಣ್ಣದ ಹೆಂಚುಗಳು ಹೊದ್ದಿದ್ದವು. ಬಹುಪಾಲು ಈಗ ಉದುರಿಹೋಗಿವೆ. ಬಾಗಿಲ ಮೇಲಿನ ಕರಿಯ ಕಲ್ಲಿನ ಶಾಸನವು ಶಿರಾಜಿನ ಮುಗೀಸನೆಂಬ ಲಿಪಿಕಾರನ ಕೈಯದು. ಬೀದರಿನ ಸ್ಮಾರಕಗಳನ್ನು ಕುರಿತು ೧೯೪೭ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೈದರಾಬಾದು ಪುರಾತತ್ತ್ವ ಇಲಾಖೆಯ ಗುಲಾಮ ಯಜ್ದಾನಿಯವರು ಈ ಅಕ್ಷರಗಳ ಸೊಬಗನ್ನು ಬಹುವಾಗಿ ಹೊಗಳಿರುವರು. ಅಕ್ಷರವನ್ನು ಓದಲಾರದವರೂ ಅಲ್ಲಿ ನಿಂತು ನೋಡಿದರೆ, ಉದ್ದನೆಯ ಗೀಟುಗಳು ಬೆಳೆದ ಜೋಳದ ದಂಟುಗಳಂತೆ ಸಾಲಾಗಿ ನಿಂತಿರುವ ಅಂದವನ್ನು ಕಾಣಬಲ್ಲರು. ದಿಣ್ಣೆಯ ಕೆಳಗಿನಿಂದ ನೋಡಿದರೆ ಇದು ಗುರುವಿನ ಸಮಾಧಿಯೋ ಅರಸನ ಸಮಾಧಿಯೋ ಎಂದು ಹೇಳಲಾಗದಷ್ಟು ಭವ್ಯತೆ ಇದೆ. ಮಠದ ಚರಿತ್ರೆಯೆಲ್ಲವೂ ಆ ಒಂದು ಸಂದೇಹದಲ್ಲಿ ಅಡಗಿದೆ.

ಹಾಗಾದರೆ ಕಿರ್ಮಾನಿ ಗುರುಗಳ ಉಪದೇಶವೂ ಮಠದೊಡನೆಯೇ ಅಳಿಯಿತೇ? ಅಳಿಯಲಿಲ್ಲ. ಆಶ್ಚರ್ಯಕರವಾದ ಭಾಗವು ಇನ್ನು ಮುಂದಿದೆ. ಜಹಗೀರು ಹೋದರೂ, ಅಧಿಕಾರ ಹೋದರೂ, ಗುರುವಿನಿಂದ ಶಿಷ್ಯನಿಗೆ ಸಾಗುವ ದೀಕ್ಷೆಯ ಸರಣಿಯು ದಖನಿನಲ್ಲಿ ಸದ್ದಿಲ್ಲದೆ ಮುಂದುವರಿಯಿತು. ಅನೇಕ ತಲೆಮಾರುಗಳ ವರೆಗೆ ಅದು ವಂಶದಲ್ಲಿಯೇ ನಡೆಯಿತು. ಅನಂತರ ವಂಶದ ಹೊರಗಿನ ಶಿಷ್ಯರಿಗೆ ಸಂದಿತು. ಅವರ ಹೆಸರುಗಳ ಮುಂದೆ 'ಕಿರ್ಮಾನಿ' ಎಂಬುದರ ಬದಲಾಗಿ 'ದಖನಿ' ಎಂಬ ವಿಶೇಷಣವು ಬಂದಿತು. ಇತ್ತ ಪರ್ಷಿಯಾದಲ್ಲಿ ಸಫವಿ ಅರಸರ ಕಾಲದಲ್ಲಿ ಸೂಫಿ ಸಂಪ್ರದಾಯಗಳು ಒಂದೊಂದಾಗಿ ನಂದಿಹೋದವು. ಮಾಹಾನದ ಗುಮ್ಮಟವಿದ್ದಿತು, ಉಪದೇಶಿಸುವ ಗುರುವಿರಲಿಲ್ಲ.

ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಸಂಪ್ರದಾಯದ ಗುರುಪೀಠವು ಹೈದರಾಬಾದಿನಲ್ಲಿದ್ದ ರಿಜಾ ಅಲಿ ಶಹ ದಖನಿಯವರಲ್ಲಿದ್ದಿತು. ೧೭೭೦ರ ದಶಕದಲ್ಲಿ ಅವರು ತಮ್ಮ ಶಿಷ್ಯರಾದ ಮಾಸೂಮ ಅಲಿ ಶಹರನ್ನು ಪರ್ಷಿಯಾಕ್ಕೆ ಕಳುಹಿಸಿದರು. ಅವರು ಶಿರಾಜಿನಲ್ಲಿಳಿದು ಬೋಧಿಸತೊಡಗಿದ ಕೂಡಲೇ ಜನರು ಕಿಕ್ಕಿರಿದು ಬಂದರು. ಅರಸರಿಗೂ ಮತಪಂಡಿತರಿಗೂ ಇದು ಸರಿಬೀಳಲಿಲ್ಲ. ಗುರುಶಿಷ್ಯರನ್ನು ಊರಿಂದೂರಿಗೆ ಓಡಿಸಿದರು. ಸೆತಾರ್ ವಾದ್ಯದಲ್ಲಿ ನಿಪುಣರಾಗಿದ್ದ ಮುಷ್ತಾಕ ಅಲಿ ಶಹರೆಂಬ ಶಿಷ್ಯರನ್ನು ಅದೇ ಕಿರ್ಮಾನ ನಗರದಲ್ಲಿ ಜನರ ಗುಂಪು ಕಲ್ಲೆಸೆದು ಕೊಂದಿತು. ಮಾಸೂಮ ಅಲಿಯವರನ್ನೂ ೧೭೯೦ರ ದಶಕದ ಕಡೆಯಲ್ಲಿ ಕೊಲ್ಲಿಸಿದರು. ಆದರೂ ಹತ್ತಿದ ದೀಪವು ಆರಲಿಲ್ಲ. ಇಂದು ಇರಾನಿನಲ್ಲಿಯೂ, ಯೂರೋಪು ಅಮೆರಿಕಗಳಲ್ಲಿಯೂ ಇರುವ ನಿಮತುಲ್ಲಾಹಿ ಖಾನಖಾಹಗಳು ತಮ್ಮ ಗುರುಪರಂಪರೆಯನ್ನು ಹೇಳುವಾಗ ದಖನಿನ ಗುರುಗಳನ್ನು ದಾಟಿಯೇ ಹಿಂದಕ್ಕೆ ಹೋಗಬೇಕು. ಅಹಮದ ಶಹನು ಕಿರ್ಮಾನಿನಿಂದ ಪಲ್ಲಕ್ಕಿಯಲ್ಲಿ ತರಿಸಿದ ಸಾಲವನ್ನು ದಖನು ಮೂರುವರೆ ಶತಮಾನಗಳ ಮೇಲೆ ಕಾಲ್ನಡಿಗೆಯ ಫಕೀರನೊಬ್ಬನ ಕೈಯಲ್ಲಿ ತೀರಿಸಿತು. ಪಲ್ಲಕ್ಕಿಯಲ್ಲಿ ಬಂದುದು ಅಳಿಯಿತು, ಜೋಳಿಗೆಯಲ್ಲಿ ಹೋದುದು ಉಳಿಯಿತು.

ಕಲಬುರಗಿಯ ಗೇಸುದರಾಜರ ಮನೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಇನಾಮು ಭೂಮಿಗಳು ಅಲ್ಲಿಗೂ ಸಂದವು. ಅರಸರು ಅಲ್ಲಿಗೂ ನಡೆದುಕೊಂಡರು. ಆದರೆ ಆ ಮನೆಯು ಕೋಟೆಯಿಂದ ಹೊರಗೆ ಜನರ ನಡುವೆ ನಿಂತಿತು. ರಾಜಧಾನಿಯು ಬೀದರಿಗೆ ಹೋದ ಮೇಲೆ ಅರಮನೆಯ ಜಗಳಗಳಿಂದ ತಾನಾಗಿಯೇ ದೂರವಾಯಿತು. ಆಸ್ಥಾನದಲ್ಲಿ ಕೆಳಗಿನ ಆಸನಕ್ಕೆ ಸರಿಸಲ್ಪಟ್ಟ ಮನೆತನದ ಉರುಸು ಇಂದಿಗೂ ಲಕ್ಷಾಂತರ ಜನರನ್ನು ಕಲಬುರಗಿಗೆ ಎಳೆಯುತ್ತಿದೆ. ಮೇಲಿನ ಆಸನವನ್ನೇರಿದ ಮನೆತನದ ಹೆಸರು ಬೀದರಿನ ಬೀದಿಯಲ್ಲಿ ಒಂದು ಕಮಾನಿಗೆ ಅಂಟಿಕೊಂಡಿದೆ.

ಕಡೆಯದಾಗಿ ಅಷ್ಟೂರಿನ ವಿಷಯವನ್ನು ಹೇಳದೆ ಈ ಭಾಷಣವನ್ನು ಮುಗಿಸಲಾಗದು. ಚೌಖಂಡಿಯನ್ನು ದಾಟಿ ಮುಂದೆ ನಡೆದರೆ ಅಹಮದ ಶಹನ ಗುಮ್ಮಟವಿದೆ. ಅದರ ಒಳಗೋಡೆಗಳ ಮೇಲೂ ಛತ್ತಿನ ಮೇಲೂ ಚಿನ್ನದ ಬಣ್ಣದಲ್ಲಿ, ಸಿಂಧೂರದಲ್ಲಿ, ನೀಲಿಯಲ್ಲಿ ಬಳ್ಳಿಗಳೂ ಅಕ್ಷರಗಳೂ ತುಂಬಿವೆ. ಅವುಗಳಲ್ಲಿ ನಿಮತುಲ್ಲಾ ಅವರ ಪದ್ಯಗಳಿವೆ, ಅವರ ಗುರುಪರಂಪರೆಯ ಹೆಸರುಗಳಿವೆ. ಮಠದ ಗ್ರಂಥಗಳು ಚದುರಿಹೋದರೂ ಅರಸನು ತನ್ನ ಸಮಾಧಿಯ ಗೋಡೆಯನ್ನೇ ಮಠದ ಪುಸ್ತಕವನ್ನಾಗಿ ಮಾಡಿಟ್ಟನು. ಆ ಪುಸ್ತಕವನ್ನು ಓದಬಲ್ಲವರು ಇಂದು ವಿರಳ. ಆದರೂ ಪ್ರತಿವರ್ಷ ಹೋಳಿಯ ಕಾಲದಲ್ಲಿ ಅ‌ಲ್ಲಿ ಜಾತ್ರೆ ನೆರೆಯುತ್ತದೆ. ಕಲಬುರಗಿಯ ಸೀಮೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರೊಬ್ಬರು ಭಕ್ತರೊಡನೆ ನಡೆದುಬಂದು, ಶಂಖವನ್ನೂದಿ, ತೆಂಗಿನಕಾಯಿಯನ್ನೊಡೆದು, ಸಮಾಧಿಗೆ ಹೂವೇರಿಸುವರು. ಅವರೆಲ್ಲರ ಬಾಯಲ್ಲಿ ಈ ಅರಸನ ಹೆಸರು ಅಲ್ಲಮಪ್ರಭು. ಇತಿಹಾಸದ ಕಣ್ಣಿಗೆ ಅಲ್ಲಮಪ್ರಭುವು ಹನ್ನೆರಡನೆಯ ಶತಮಾನದ ಶರಣ, ಅಹಮದ ಶಹನು ಹದಿನೈದನೆಯ ಶತಮಾನದ ಸುಲ್ತಾನ. ಭಕ್ತರ ಕಣ್ಣಿಗೆ ಈ ಎಣಿಕೆಯು ಬೇಕಾಗಿಲ್ಲ.

ಕುತೂಹಲದ ಸಂಗತಿಯೆಂದರೆ, ಅರಸನು ಅಷ್ಟೊಂದು ದ್ರವ್ಯವನ್ನು ವೆಚ್ಚಮಾಡಿ ಪರದೇಶದಿಂದ ತರಿಸಿದ ಪೂಜ್ಯತೆಯು ಆಸ್ಥಾನದೊಡನೆ ಕರಗಿತು. ಯಾವ ದೂತರನ್ನೂ ಕಳುಹಿಸದೆ ನೆರೆಯ ಹಳ್ಳಿಗಳಿಂದ ತಾನಾಗಿಯೇ ಬಂದ ಪೂಜ್ಯತೆಯು ನಿಂತಿತು. ನಮ್ಮ ಕಲ್ಯಾಣದ ಚರಿತ್ರೆಯಲ್ಲಿಯೂ ಇಂಥದೇ ಒಂದು ಪಾಠವಿದೆ. ಬಿಜ್ಜಳನ ಆಸ್ಥಾನದ ಬಳಿಯಲ್ಲಿ ಬೆಳೆದ ಶರಣರ ಕೂಟವು ೧೧೬೭ರ ಸುಮಾರಿನ ಕ್ರಾಂತಿಯಲ್ಲಿ ಚದುರಿತು. ಶರಣರು ಹೊತ್ತುಕೊಂಡು ಹೋದ ವಚನಗಳು ಉಳಿದವು. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ, ಎರಡೂವರೆ ಶತಮಾನಗಳಿಗೂ ಹೆಚ್ಚಿನ ಅಂತರದಲ್ಲಿ, ಎರಡು ಬೇರೆ ಧರ್ಮಗಳ ಜನರಿಗೆ ಕಾಲವು ಕಲಿಸಿದ ಪಾಠವು ಒಂದೇ ಆಗಿದೆ.

ಆದುದರಿಂದ ಬೀದರಿನ ಕಡೆಗೆ ಹೋಗುವ ವಿದ್ಯಾರ್ಥಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಕೋಟೆಯನ್ನೂ ಮದರಸೆಯನ್ನೂ ನೋಡಿ ಹಿಂದಿರುಗುವ ಮೊದಲು ತಖ್ತೆ ಕಿರ್ಮಾನಿಯ ಕಮಾನಿನ ಕೆಳಗೆ ಒಂದು ಗಳಿಗೆ ನಿಲ್ಲಿರಿ. ಅಲ್ಲಿಂದ ಚೌಖಂಡಿಗೂ, ಚೌಖಂಡಿಯಿಂದ ಅಷ್ಟೂರಿಗೂ ನಡೆದುಹೋಗಿರಿ. ಗುರುವಿನ ಮಂಚ, ಗುರುವಿನ ಸಮಾಧಿ, ಶಿಷ್ಯನಾದ ಅರಸನ ಸಮಾಧಿ, ಈ ಮೂರನ್ನೂ ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು. ಚೌಖಂಡಿಯ ಹೆಂಚುಗಳು ಇನ್ನಷ್ಟು ಉದುರದಂತೆಯೂ, ಗುಮ್ಮಟದ ಚಿತ್ರಗಳು ಇನ್ನಷ್ಟು ಮಾಸದಂತೆಯೂ ಕಾಪಾಡುವುದು ಸರಕಾರದ ಕೆಲಸವಾದರೆ, ಅವು ಯಾರವೆಂಬುದನ್ನು ಮರೆಯದಿರುವುದು ಆ ಊರಿನ ಮತ್ತು ಈ ನಾಡಿನ ಜನರಾದ ನಮ್ಮೆಲ್ಲರ ಕೆಲಸವಾಗಿದೆ.